ಕಲಬುರಗಿಯ ಮೇ ಬಿಸಿಲಲ್ಲಿ ಯುಎಸ್‌ಬಿ ಡ್ರೈವರ್ ಟೆಸ್ಟ್

ಯುಎಸ್‌ಬಿ ಡ್ರೈವರ್‌ಗೆ (ಯುಎಸ್‌ಬಿ ಸಾಮಾನಿನ ಜೊತೆ ಕಂಪ್ಯೂಟರ್ ಮಾತಾಡೋಕೆ ಬೇಕಾದ ಸಾಫ್ಟ್‌ವೇರ್) ನಿಜವಾದ ಪರೀಕ್ಷೆ ಆಗಬೇಕು ಅಂದ್ರೆ ಅದನ್ನ ಮೇ ತಿಂಗಳಲ್ಲಿ ಕಲಬುರಗಿಗೆ ಕರ್ಕೊಂಡು ಬರಬೇಕು. ಹೊರಗೆ 43 ಡಿಗ್ರಿ. ಮೇಲಿನ ಮಹಡಿಯ ರೂಮು, ತಲೆ ಮೇಲೆ ಕಾದ ಆರ್‌ಸಿಸಿ, ಕಿಟಕಿಯಲ್ಲಿ ಕೂಲರ್ ಬರ್ರೋ ಅಂತಿರುತ್ತೆ. ಇಂಥ ರೂಮಲ್ಲಿ ಒಂದು ಎನ್‌ವಿಎಂಇ ಎಸ್‌ಎಸ್‌ಡಿಯನ್ನ (ಜೋರು ವೇಗದ ಚಿಪ್ ಡಿಸ್ಕ್) ಸಣ್ಣ ಯುಎಸ್‌ಬಿ ಡಬ್ಬಿಯೊಳಗೆ ಹಾಕಿ, 200 ಜಿಬಿ ಮದುವೆ ವಿಡಿಯೊ ಒಂದೇ ಸಲಕ್ಕೆ ಕಾಪಿಗೆ ಬಿಡಿ. ಡ್ರೈವರ್ ಕೆಟ್ಟದಿದ್ದರೆ ಬೇಗ ಗೊತ್ತಾಗುತ್ತೆ. ತೊಂದರೆ ಏನಂದ್ರೆ, ಡ್ರೈವರ್ ಒಳ್ಳೆಯದಿದ್ದರೂ ಕೆಟ್ಟದ್ದರ ಹಾಗೇ ಕಾಣುತ್ತೆ.

ಸೂಪರ್ ಮಾರ್ಕೆಟ್ ಕಡೆ ಗೆಳೆಯನದೊಂದು ವಿಡಿಯೊ ಸ್ಟುಡಿಯೊ ಇದೆ. ಮದುವೆ, ತೊಟ್ಟಿಲು, ಜಾತ್ರೆ ಎಲ್ಲಾ ಶೂಟ್ ಮಾಡ್ತಾನೆ. ಎಡಿಟಿಂಗ್ ಮಷಿನ್‌ಗಳು ಲಿನಕ್ಸ್ ಮೇಲೆ ಓಡ್ತವೆ, ಅವುಗಳ ಉಸಾಬರಿ ನನ್ನದು. ಹೋದ ವರ್ಷದವರೆಗೆ ಎಲ್ಲಾ ಡೆಬಿಯನ್ 12 (ಲಿನಕ್ಸ್‌ನ ಒಂದು ರೂಪ), ಅಂದ್ರೆ 6.1 ಕರ್ನಲ್. ಕರ್ನಲ್ ಅಂದ್ರೆ ಲಿನಕ್ಸ್‌ನ ತಿರುಳು, ಡ್ರೈವರ್‌ಗಳು ಅದರ ಜೊತೆಗೇ ಬರ್ತವೆ. 2025ರ ಆಗಸ್ಟ್‌ನಲ್ಲಿ ಡೆಬಿಯನ್ 13 ಬಂತು, ಅದರ ಜೊತೆ 6.12 ಕರ್ನಲ್. ಸ್ಟುಡಿಯೊ ಮಷಿನ್ ಬದಲಿಸೋ ಮುಂಚೆ ಮನೆಯಲ್ಲಿ ಒಂದು ಹಳೇ ಮಷಿನ್ ಮೇಲೆ ಎರಡೂ ಕರ್ನಲ್ ಹಾಕಿಕೊಂಡೆ. ಕೈಗೆ ಸಿಕ್ಕ ಯುಎಸ್‌ಬಿ ಸಾಮಾನನ್ನೆಲ್ಲ ಚುಚ್ಚಿ ನೋಡೋದು ಶುರುವಾಯ್ತು. ಅದಕ್ಕಿಂತ ಹೊಸ ಕರ್ನಲ್ ಬಂದಾಗಲೂ ಅದೇ ಮಷಿನ್ ಮೇಲೆ ಹಾಕಿ ನೋಡ್ತೀನಿ, ಈಗ ಅದೊಂದು ಚಟ ಆಗಿದೆ.

ಈ ಕೆಲಸಕ್ಕೆ ಮೂಲ ಕಾರಣ ಗೆಳೆಯನ ಒಂದು ಫೋನು. "ಅಣ್ಣಾ, ಕಾಪಿ ಛಲೋ ಹೊಂಟಿರ್ತದ, ನಡುವೇ ಒಮ್ಮಿಗಿಲೇ ನಿಂತು ಬಿಡ್ತದ ನೋಡ್ರಿ. ಸ್ವಲ್ಪ ಹೊತ್ತಾದ ಮ್ಯಾಲ ತಾನೇ ಮತ್ತ ಹೊಂಡ್ತದ." ಎಷ್ಟು ಹೊತ್ತು ನಿಲ್ತದ ಅಂತ ಕೇಳಿದೆ. ಅರ್ಧ ನಿಮಿಷ ಅಂದ. ಆ ಅರ್ಧ ನಿಮಿಷ ಕೇಳಿದ ಕೂಡ್ಲೇ ಎಲ್ಲಿ ಹುಡುಕಬೇಕು ಅಂತ ಗೊತ್ತಾಯ್ತು. ಲಿನಕ್ಸ್‌ನಲ್ಲಿ ಡಿಸ್ಕ್‌ಗೆ ಕೊಟ್ಟ ಕಮಾಂಡ್‌ಗೆ ಉತ್ತರ ಬರಲಿಲ್ಲ ಅಂದ್ರೆ ಕರ್ನಲ್ ಸಾಮಾನ್ಯವಾಗಿ 30 ಸೆಕೆಂಡ್ ಕಾಯುತ್ತೆ. ಆಮೇಲೆ ಕಮಾಂಡ್ ರದ್ದು ಮಾಡಿ ಡಿವೈಸನ್ನೇ ರೀಸೆಟ್ ಮಾಡುತ್ತೆ. ಕರ್ನಲ್ ಲಾಗ್ ತೆಗೆದು ನೋಡಿದ್ರೆ ಅದೇ ಇತ್ತು: ಮೊದಲು ಯುಎಎಸ್ ಅಬಾರ್ಟ್ ಹ್ಯಾಂಡ್ಲರ್‌ನ ಸಾಲುಗಳು ಒಂದರ ಮೇಲೊಂದು, ಅದರ ಕೆಳಗೆ ಸೂಪರ್‌ಸ್ಪೀಡ್ ಯುಎಸ್‌ಬಿ ಡಿವೈಸ್ ರೀಸೆಟ್ ಆಯ್ತು ಅನ್ನೋ ಸಾಲು.

ಇಲ್ಲಿ ಯುಎಎಸ್ ಅಂದ್ರೇನು ಅಂತ ಸ್ವಲ್ಪ ಹೇಳಲೇಬೇಕು. ಯುಎಸ್‌ಬಿ ಡಿಸ್ಕ್ ಜೊತೆ ಮಾತಾಡೋಕೆ ಲಿನಕ್ಸ್‌ನಲ್ಲಿ ಎರಡು ಡ್ರೈವರ್ ಇವೆ. ಹಳೇದು ಯುಎಸ್‌ಬಿ-ಸ್ಟೋರೇಜ್. ಅದು ಒಂದು ಕಮಾಂಡ್ ಕೊಟ್ಟು, ಅದು ಮುಗಿಯೋವರೆಗೆ ಕಾದು, ಆಮೇಲೆ ಇನ್ನೊಂದು ಕೊಡುತ್ತೆ. ಹೊಸದು ಯುಎಎಸ್. ಇದು ಒಂದೇ ಸಲಕ್ಕೆ ಹತ್ತಾರು ಕಮಾಂಡ್ ಕಳಿಸಿ, ಯಾವುದು ಮೊದಲು ಮುಗಿಯುತ್ತೋ ಅದನ್ನ ಮೊದಲು ತಗೊಳ್ಳುತ್ತೆ. ಖಾನಾವಳಿಯಲ್ಲಿ ಒಬ್ಬರ ಊಟ ಮುಗಿಯೋವರೆಗೆ ಇನ್ನೊಬ್ಬರನ್ನ ಕೇಳದೇ ನಿಲ್ಲೋ ಸಪ್ಲೈಯರ್‌ಗೂ, ಎಲ್ಲಾ ಟೇಬಲ್ ಆರ್ಡರ್ ಒಟ್ಟಿಗೇ ಒಳಗೆ ಕೂಗೋ ಸಪ್ಲೈಯರ್‌ಗೂ ಇರೋಷ್ಟು ಫರಕು. ಒಂದೇ ದೊಡ್ಡ ಫೈಲ್ ಕಾಪಿ ಮಾಡುವಾಗ ಈ ಫರಕು ಅಷ್ಟಾಗಿ ಕಾಣಲ್ಲ. ಎಡಿಟಿಂಗ್ ಟೈಮ್‌ಲೈನ್ ಮೇಲೆ ಹಿಂದೆ ಮುಂದೆ ಎಳೆದಾಡುವಾಗ, ಸಾವಿರಾರು ಸಣ್ಣ ಫೈಲ್ ಓದುವಾಗ ಚೆನ್ನಾಗಿ ಕಾಣುತ್ತೆ. ಯುಎಎಸ್ ಲಿನಕ್ಸ್‌ಗೆ ಬಂದಿದ್ದು 2010ರ ಸುಮಾರಿಗೆ. ಆದರೆ ನಡುವೆ ಅದು ಹಾಳಾಗಿದೆ ಅಂತ ಪಕ್ಕಕ್ಕಿಟ್ಟಿದ್ರು. 2014ರಲ್ಲಿ 3.15 ಕರ್ನಲ್‌ನಲ್ಲಿ ರಿಪೇರಿ ಆಗಿ ಮರಳಿ ಬಂತು.

ಯುಎಎಸ್ ತೊಂದರೆ ಕೊಡ್ತಿದೆ ಅಂತ ಇಂಟರ್ನೆಟ್‌ನಲ್ಲಿ ಹುಡುಕಿದ್ರೆ ಎಲ್ಲಾ ಕಡೆ ಒಂದೇ ಔಷಧಿ ಹೇಳ್ತಾರೆ: ಆಫ್ ಮಾಡಿ. ಯುಎಸ್‌ಬಿ-ಸ್ಟೋರೇಜ್ ಮಾಡ್ಯೂಲ್‌ಗೆ ಕ್ವಿರ್ಕ್ಸ್ ಅಂತ ಒಂದು ಪ್ಯಾರಾಮೀಟರ್ ಇದೆ. ಅದರಲ್ಲಿ ಡಿವೈಸ್‌ನ ವೆಂಡರ್ ಐಡಿ, ಪ್ರಾಡಕ್ಟ್ ಐಡಿ, ಕೊನೆಗೆ ಯು ಅಕ್ಷರ ಬರೆದರೆ ಆ ಡಿವೈಸ್‌ಗೆ ಯುಎಎಸ್ ಬಂದ್, ಹಳೇ ಡ್ರೈವರ್ ಚಾಲೂ. ಕೆಲವು ಹಳೇ ಬ್ರಿಡ್ಜ್ ಚಿಪ್‌ಗಳಿಗೆ (ಡಬ್ಬಿಯೊಳಗೆ ಡಿಸ್ಕ್‌ಗೂ ಯುಎಸ್‌ಬಿಗೂ ನಡುವೆ ಕೂತಿರೋ ಚಿಪ್) ಇದು ನಿಜವಾಗ್ಲೂ ಬೇಕು. ಕರ್ನಲ್ ಸೋರ್ಸ್‌ನಲ್ಲೇ ಅಂಥವುಗಳ ಒಂದು ಪಟ್ಟಿ ಇದೆ, ಯಾವ ಚಿಪ್‌ಗೆ ಯಾವ ರೋಗ ಅಂತ ಸಾಲು ಸಾಲಾಗಿ ಬರೆದಿಟ್ಟಿದ್ದಾರೆ. ಆದರೆ ಸುಮ್ನೆ ಎಲ್ಲದಕ್ಕೂ ಅದೇ ಔಷಧಿ ಹಾಕೋದು ನನಗೆ ಒಂಚೂರೂ ಸೇರಲ್ಲ. ರೋಗ ಏನು ಅಂತಲೇ ನೋಡಿಲ್ಲ, ಅಷ್ಟರಲ್ಲೇ ಔಷಧಿ! ಆಫ್ ಮಾಡಿದ ಮೇಲೆ ಡಿಸ್ಕ್ ಮೇಲಿನ ಭಾರ ಕಡಿಮೆ ಆಗುತ್ತೆ, ಬಿಸಿ ಕಡಿಮೆ ಆಗುತ್ತೆ, ತೊಂದರೆ ಹೋಯ್ತು ಅನ್ಸುತ್ತೆ, ಡ್ರೈವರ್ ಮೇಲೆ ಗೂಬೆ ಕೂರುತ್ತೆ.

ಹಾಗಾಗಿ ನಾನು ಬೇರೆ ಥರ ಮಾಡಿದೆ. ಅದೇ ಡಬ್ಬಿ, ಅದೇ ಕೇಬಲ್, ಅದೇ ಫೈಲುಗಳು. ಹಳೇ ಕರ್ನಲ್ ಮೇಲೆ ಬೆಳಗ್ಗೆ ಐದೂವರೆಗೆ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ. ಹೊಸ ಕರ್ನಲ್ ಮೇಲೂ ಹಾಗೇ. ಬೆಳಗಿನ ಜಾವ ಎರಡೂ ಕರ್ನಲ್ ಮೇಲೆ ಒಂದೇ ಒಂದು ರೀಸೆಟ್ ಇಲ್ಲ. ಮಧ್ಯಾಹ್ನ ಎರಡರ ಮೇಲೂ ರೀಸೆಟ್! ಹೊಸ ಕರ್ನಲ್‌ನ ಡ್ರೈವರ್ ಮಧ್ಯಾಹ್ನದ ರೋಗ ವಾಸಿ ಮಾಡಿಲ್ಲ, ಹಳೇ ಕರ್ನಲ್‌ನದ್ದು ಆ ರೋಗ ತಂದಿಲ್ಲ. ಡಬ್ಬಿ ಕೈಯಲ್ಲಿ ಹಿಡಿಯೋಕೆ ಆಗ್ತಿರಲಿಲ್ಲ ಅಷ್ಟು ಕಾದಿತ್ತು.

ಸ್ಮಾರ್ಟ್‌ಸಿಟಿಎಲ್ ಅಂತ ಒಂದು ಟೂಲ್ ಇದೆ, ಡಿಸ್ಕ್‌ನ ಆರೋಗ್ಯ ಹೇಳುತ್ತೆ. ಎನ್‌ವಿಎಂಇ ಡಿಸ್ಕ್ ಯುಎಸ್‌ಬಿ ಡಬ್ಬಿಯೊಳಗಿದ್ದರೆ ಮಧ್ಯದಲ್ಲಿರೋ ಬ್ರಿಡ್ಜ್ ಚಿಪ್ ಯಾವುದು ಅಂತ ಅದಕ್ಕೆ ಹೇಳಬೇಕು: ರಿಯಲ್‌ಟೆಕ್, ಜೆಮೈಕ್ರಾನ್, ಎಎಸ್‌ಮೀಡಿಯಾ, ಮೂರಕ್ಕೂ ಬೇರೆ ಬೇರೆ ಆಯ್ಕೆ ಇವೆ. ಇನ್ನೊಂದು ಟರ್ಮಿನಲ್‌ನಲ್ಲಿ ಅದನ್ನ ಓಡಿಸಿ ಕಾಪಿ ನಡೀತಿರುವಾಗಲೇ ಉಷ್ಣತೆ ನೋಡ್ತಾ ಕೂತೆ. ಸಾಮಾನ್ಯ ಎಸ್‌ಎಸ್‌ಡಿಗಳಿಗೆ ಕಂಪನಿಯವರು ಹೇಳೋ ಮಿತಿ ಹೆಚ್ಚಾಗಿ 70 ಡಿಗ್ರಿ. ಎಸಿ ರೂಮಲ್ಲಿ 24 ಡಿಗ್ರಿಯಿಂದ ಶುರುವಾಗೋ ಡಿಸ್ಕ್‌ಗೂ, ನಮ್ಮ ರೂಮಲ್ಲಿ ಕೆಲಸ ಶುರುವಾಗೋ ಮುಂಚೆಯೇ 40ರ ಹತ್ತಿರ ಕೂತಿರೋ ಡಿಸ್ಕ್‌ಗೂ ಆ 70 ಮುಟ್ಟೋ ದೂರ ಎಲ್ಲಿಂದೆಲ್ಲಿಗೆ! ಎಸ್‌ಎಸ್‌ಡಿ ತಾನೇ ವೇಗ ಇಳಿಸಿಕೊಂಡು ಬದುಕೋಕೆ ನೋಡುತ್ತೆ. ಆದರೆ ಪಕ್ಕದಲ್ಲಿರೋ ಬ್ರಿಡ್ಜ್ ಚಿಪ್‌ನ ಉಷ್ಣತೆ ಈ ಟೂಲ್‌ನಲ್ಲಿ ಕಾಣಲ್ಲ. ಡಿಸ್ಕ್ 65 ಅಂತ ತೋರಿಸ್ತಿರುವಾಗಲೇ ರೀಸೆಟ್ ಆಯ್ತು ಅಂದ್ರೆ ನನಗೆ ಅನುಮಾನ ಆ ಚಿಪ್ ಮೇಲೇ.

ಡಬ್ಬಿ ಬಿಚ್ಚಿದೆ. ಒಳಗೆ ಥರ್ಮಲ್ ಪ್ಯಾಡ್ ಎಸ್‌ಎಸ್‌ಡಿ ಮೇಲೆ ಮಾತ್ರ ಇತ್ತು, ಬ್ರಿಡ್ಜ್ ಚಿಪ್ ಬರಿಮೈಯಲ್ಲಿ ಕೂತಿತ್ತು. ಅದರ ಮೇಲೂ ಅಲ್ಯುಮಿನಿಯಂ ಮೈಗೆ ತಾಗೋ ಹಾಗೆ ಒಂದು ತುಂಡು ಪ್ಯಾಡ್ ಇಟ್ಟೆ. ಡಬ್ಬಿಯನ್ನ ಮೇಜಿನ ಮೇಲಿಂದ ತೆಗೆದು ನೆಲದ ಪರ್ಸಿ ಕಲ್ಲಿನ ಮೇಲಿಟ್ಟೆ. ಶಹಾಬಾದ್ ಪರ್ಸಿ ನಮ್ಮ ಕಡೆ ಮನೆ ಮನೆಯಲ್ಲೂ ಇದೆ, ಮಧ್ಯಾಹ್ನ ಜನ ಅದರ ಮೇಲೆ ಬರಿಮೈಯಲ್ಲಿ ಮಲಗ್ತಾರೆ, ಎಸ್‌ಎಸ್‌ಡಿ ಮಲಗಿದ್ರೆ ಏನು ತಪ್ಪು. ಆಮೇಲೆ ಮಧ್ಯಾಹ್ನದ ರೀಸೆಟ್ ನಿಂತಿತು. ಯುಎಎಸ್ ಆನ್ ಇಟ್ಟೇ.

ಡ್ರೈವರ್ ಪರೀಕ್ಷೆ ಮಾಡೋಕೆ ಹೊರಟವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟುಗಳು ಇನ್ನೂ ಇವೆ. ಕೇಬಲ್ ಒಂದು. ಫೋನ್ ಚಾರ್ಜರ್ ಜೊತೆ ಬಂದ ಟೈಪ್-ಸಿ ಕೇಬಲ್‌ಗಳಲ್ಲಿ ಹೆಚ್ಚಿನವಕ್ಕೆ ಯುಎಸ್‌ಬಿ 2.0 ತಂತಿಗಳು ಮಾತ್ರ ಇರ್ತವೆ. ನೋಡೋಕೆ ದಪ್ಪ, ಮೇಲೆ ಬಟ್ಟೆ ಹೆಣೆದಿರ್ತಾರೆ, ಒಳಗೆ 480 ಮೆಗಾಬಿಟ್. ಎಲ್‌ಎಸ್‌ಯುಎಸ್‌ಬಿ ಕಮಾಂಡ್‌ಗೆ ಟಿ ಆಯ್ಕೆ ಕೊಟ್ಟರೆ ಮರದ ಕೊಂಬೆಗಳ ಹಾಗೆ ಎಲ್ಲಾ ಪೋರ್ಟ್ ತೋರಿಸುತ್ತೆ. ಪ್ರತಿ ಸಾಲಿನ ಕೊನೆಯಲ್ಲಿ 480, 5000, 10000 ಅಂತ ವೇಗ, ಅದರ ಮುಂಚೆ ಯಾವ ಡ್ರೈವರ್ ಹಿಡ್ಕೊಂಡಿದೆ ಅನ್ನೋದು. ಯಾವುದೇ ಟೆಸ್ಟ್‌ನ ಮೊದಲ ಕೆಲಸ ಆ ಒಂದು ಸಾಲು ಓದೋದು. ಅಲ್ಲಿ 480 ಇದ್ದರೆ ಡ್ರೈವರ್ ಎಷ್ಟೇ ಹೊಸದಿರಲಿ, ಸೆಕೆಂಡಿಗೆ 40 ಎಂಬಿ ಸುತ್ತಮುತ್ತಲೇ ಗಿರಕಿ ಹೊಡೆಯುತ್ತೆ.

ನೀಲಿ ಬಣ್ಣದ ಟೈಪ್-ಎ ಪೋರ್ಟ್‌ಗೆ ಇನ್ನೊಂದು ಗುಣ ಇದೆ. ಅದಕ್ಕೆ ಚುಚ್ಚೋ ಪ್ಲಗ್‌ನಲ್ಲಿ ಹಳೇ ನಾಲ್ಕು ಪಿನ್ ಮುಂದೆ, ಹೊಸ ಐದು ಪಿನ್ ಒಳಗೆ ಇರ್ತವೆ. ಮೆಲ್ಲಗೆ, ಅನುಮಾನದಿಂದ ಚುಚ್ಚಿದ್ರೆ ಮೊದಲು ಹಳೇ ಪಿನ್‌ಗಳು ತಾಗಿ ಡಿವೈಸ್ ಯುಎಸ್‌ಬಿ 2.0 ಆಗಿಯೇ ಕೂತುಬಿಡಬಹುದು. ಪಟಕ್ಕಂತ ಚುಚ್ಚಬೇಕು. ಇದನ್ನ ಹೇಳಿದ್ರೆ ನಗ್ತಾರೆ, ಮಾಡಿ ನೋಡಿ.

ಕರೆಂಟಿನ ಲೆಕ್ಕ ಇನ್ನೊಂದು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪ್, 3.0 ಪೋರ್ಟ್ 900. ಅಂದ್ರೆ 5 ವೋಲ್ಟ್‌ನಲ್ಲಿ ನಾಲ್ಕೂವರೆ ವಾಟ್. ಒಂದು ಎನ್‌ವಿಎಂಇ ಜೋರಾಗಿ ಬರೆಯುವಾಗ ಅದಕ್ಕಿಂತ ಜಾಸ್ತಿ ಎಳೆಯಬಹುದು. ಮುಂದಿನ ಪ್ಯಾನೆಲ್‌ನ ಪೋರ್ಟು, ಉದ್ದ ಎಕ್ಸ್‌ಟೆನ್ಷನ್ ವೈರು, ಅದಕ್ಕೊಂದು ಅಗ್ಗದ ಹಬ್ಬು, ಇಷ್ಟೂ ಸೇರಿದ್ರೆ ವೋಲ್ಟೇಜ್ ಇಳಿದು ಡಿಸ್ಕ್ ಮಾಯ ಆಗುತ್ತೆ. ಲಾಗ್‌ನಲ್ಲಿ ಡಿಸ್‌ಕನೆಕ್ಟ್ ಅಂತ ಬರುತ್ತೆ, ಡ್ರೈವರ್ ಬಗ್ ಅಂತ ಜನ ಬರೀತಾರೆ. ಹಿಂದಿನ ಪೋರ್ಟ್, ಗಿಡ್ಡ ಕೇಬಲ್, ನಡುವೆ ಏನೂ ಇಲ್ಲದೆ ಒಂದು ಸಲ ನೋಡದೇ ಯಾರೂ ಬಗ್ ರಿಪೋರ್ಟ್ ಹಾಕಬಾರದು ಅನ್ನೋದು ನನ್ನ ಅಭಿಪ್ರಾಯ.

ವೇಗ ಅಳೆಯೋದ್ರಲ್ಲೂ ಮೋಸ ಇದೆ. ಕಾಪಿ ಕಿಟಕಿಯಲ್ಲಿ ಮೊದಲ ಕೆಲವು ಸೆಕೆಂಡ್ ರಾಕೆಟ್ ವೇಗ ತೋರಿಸುತ್ತಲ್ವಾ, ಅದು ಡಿಸ್ಕ್‌ನ ವೇಗ ಅಲ್ಲ, ರ್‍ಯಾಮ್‌ನದ್ದು. ಕರ್ನಲ್ ಮೊದಲು ನೆನಪಲ್ಲಿ ತುಂಬಿಕೊಂಡು ಆಮೇಲೆ ನಿಧಾನಕ್ಕೆ ಬರೆಯುತ್ತೆ. ಎಫ್‌ಐಒ ಟೂಲ್‌ನಲ್ಲಿ ಡೈರೆಕ್ಟ್ ಆಯ್ಕೆ ಹಾಕಿದ್ರೆ ಈ ಕ್ಯಾಶ್ ದಾಟಿ ನೇರ ಡಿಸ್ಕ್‌ಗೆ ಹೋಗುತ್ತೆ. ಇಷ್ಟಾದ ಮೇಲೂ ಅಗ್ಗದ ಎಸ್‌ಎಸ್‌ಡಿಗಳು ಸ್ವಲ್ಪ ದೂರ ಭರ್ಜರಿಯಾಗಿ ಓಡಿ ಆಮೇಲೆ ಕುಂಟೋಕೆ ಶುರು ಮಾಡ್ತವೆ, ಯಾಕಂದ್ರೆ ಒಳಗಿನ ಎಸ್‌ಎಲ್‌ಸಿ ಕ್ಯಾಶ್ (ಬೇಗ ಬರೆಯೋಕೆ ಇಟ್ಟ ಸೀಮಿತ ಜಾಗ) ತುಂಬಿರುತ್ತೆ. ಐದು ಜಿಬಿ ಬರೆದು "ಹೊಸ ಡ್ರೈವರ್ ಸೂಪರ್" ಅನ್ನೋರು, ನೂರು ಜಿಬಿ ಬರೆದು "ಹೊಸ ಡ್ರೈವರ್ ದಂಡ" ಅನ್ನೋರು, ಇಬ್ಬರೂ ಅಳೆದಿದ್ದು ಎಸ್‌ಎಸ್‌ಡಿಯನ್ನ. ಪೆನ್‌ಡ್ರೈವ್ ಆದರೆ ಎಫ್3 ಅನ್ನೋ ಟೂಲ್‌ನಿಂದ ಅದು ಹೇಳಿಕೊಂಡಷ್ಟು ಜಿಬಿ ನಿಜವಾಗ್ಲೂ ಇದೆಯಾ ಅಂತ ಮೊದಲು ನೋಡಿ. ಸಂತೆಯಲ್ಲಿ ಸಿಗೋ 1 ಟಿಬಿ ಪೆನ್‌ಡ್ರೈವ್ ಬಗ್ಗೆ ನಾನೇನೂ ಹೇಳಲ್ಲ.

ಇಷ್ಟೆಲ್ಲಾ ಬಿಡಿಸಿಟ್ಟ ಮೇಲೆ ಉಳಿದ ಪ್ರಶ್ನೆ: 6.1ರಿಂದ 6.12ಕ್ಕೆ ಹೋದ್ರೆ ಏನು ಸಿಗುತ್ತೆ? ಡಿಸ್ಕ್‌ನ ವೇಗದಲ್ಲಿ, ನನ್ನ ಡಬ್ಬಿಗಳ ಮಟ್ಟಿಗೆ, ಏನೂ ಇಲ್ಲ. 5 ಗಿಗಾಬಿಟ್ ಪೋರ್ಟ್‌ನಲ್ಲಿ ಸೆಕೆಂಡಿಗೆ 400 ಎಂಬಿಗಿಂತ ಸ್ವಲ್ಪ ಮೇಲೆ, 10 ಗಿಗಾಬಿಟ್‌ನಲ್ಲಿ ಸಾವಿರದ ಆಸುಪಾಸು. ಎರಡೂ ಕರ್ನಲ್‌ನಲ್ಲಿ ಅಷ್ಟೇ. ಅದಕ್ಕೆ ಬೇಜಾರೂ ಇಲ್ಲ. 5 ಗಿಗಾಬಿಟ್ ಅಂದ್ರೂ ಅದರಲ್ಲಿ 8 ಬಿಟ್ ಕಳಿಸೋಕೆ 10 ಬಿಟ್ ಖರ್ಚಾಗುತ್ತೆ, ಕಾಗದದ ಮೇಲೇ 500 ಎಂಬಿ ಮಿತಿ. ಯುಎಸ್‌ಬಿ 3.0 ಪೋರ್ಟ್‌ಗಳನ್ನ ನಡೆಸೋ ಎಕ್ಸ್‌ಎಚ್‌ಸಿಐ ಡ್ರೈವರ್ ಹಣ್ಣಾಗಿರೋ ಡ್ರೈವರ್. 2009ರಲ್ಲಿ 2.6.31 ಕರ್ನಲ್‌ನಲ್ಲಿ ಅದು ಬಂದಾಗ ಯುಎಸ್‌ಬಿ 3.0 ಬೆಂಬಲಿಸಿದ ಮೊದಲ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಆಯ್ತು. ಆಗ ಇಂಟೆಲ್‌ನಲ್ಲಿದ್ದ ಸೇಜ್ ಶಾರ್ಪ್ ಅದನ್ನ ಬರೆದದ್ದು. ಅಂಗಡಿಯಲ್ಲಿ ಯುಎಸ್‌ಬಿ 3.0 ಸಾಮಾನು ಸರಿಯಾಗಿ ಸಿಗೋ ಮುಂಚೆಯೇ ಡ್ರೈವರ್ ರೆಡಿ ಇತ್ತು. ಈ ಮಾತು ನೆನಪಾದಾಗೆಲ್ಲ ಖುಷಿ ಆಗುತ್ತೆ, ಯಾಕಂದ್ರೆ ವೈಫೈ ಡಾಂಗಲ್ ಕಥೆ ಇದರ ಉಲ್ಟಾ.

ಸ್ಟುಡಿಯೊದಲ್ಲಿ ರಿಯಲ್‌ಟೆಕ್ 8822ಬಿಯು ಚಿಪ್‌ನ ಡಾಂಗಲ್ ಒಂದಿದೆ. 6.1 ಕರ್ನಲ್‌ಗೆ ಅದರ ಗುರುತೇ ಇಲ್ಲ. ಹೊರಗಿನಿಂದ ಡ್ರೈವರ್ ಸೋರ್ಸ್ ತಂದು ಡಿಕೆಎಂಎಸ್ (ಹೊರಗಿನ ಡ್ರೈವರನ್ನ ಪ್ರತಿ ಕರ್ನಲ್‌ಗೂ ಕಟ್ಟಿಕೊಡೋ ಟೂಲ್) ಮೂಲಕ ಕಟ್ಟಬೇಕಿತ್ತು. ಪ್ರತಿ ಸಲ ಕರ್ನಲ್ ಅಪ್‌ಡೇಟ್ ಆದಾಗ ಅದು ಮತ್ತೆ ಕಂಪೈಲ್ ಆಗಬೇಕು, ಸೆಕ್ಯೂರ್ ಬೂಟ್ ಇದ್ದರೆ ಸಹಿ ಬೇಕು, ಒಂದು ಸಲ ಕಂಪೈಲ್ ಮುರಿದರೆ ನೆಟ್ ಇಲ್ಲ, ನೆಟ್ ಇಲ್ಲದೆ ಹೊಸ ಸೋರ್ಸ್ ಇಳಿಸೋಕೆ ಆಗಲ್ಲ. ಫೋನ್‌ನಿಂದ ಟೆದರಿಂಗ್ ಮಾಡಿ ಎಷ್ಟು ಸಲ ರಿಪೇರಿ ಮಾಡಿದ್ದೀನೋ. ಈ ಚಿಪ್‌ಗಳ ಯುಎಸ್‌ಬಿ ಬೆಂಬಲ ಕರ್ನಲ್‌ನ ಸ್ವಂತ ಆರ್‌ಟಿಡಬ್ಲ್ಯು88 ಡ್ರೈವರ್‌ಗೆ ಸೇರಿದ್ದು 6.2ರಲ್ಲಿ, 2023ರ ಶುರುವಿಗೆ. ಹಾಗಾಗಿ 6.12 ಹಾಕಿ, ಫರ್ಮ್‌ವೇರ್ (ಚಿಪ್‌ನೊಳಗೆ ಓಡೋ ಸಾಫ್ಟ್‌ವೇರ್) ಪ್ಯಾಕೇಜ್ ಇದ್ದರೆ ಸಾಕು, ಚುಚ್ಚಿದ ಕೂಡ್ಲೇ ವೈಫೈ ಬರುತ್ತೆ. ಡೆಬಿಯನ್ 13ಕ್ಕೆ ಹೋಗೋಕೆ ನನಗೆ ಇದೊಂದೇ ಕಾರಣ ಸಾಕಿತ್ತು.

ಕೆಲವು ಡಾಂಗಲ್ ಚುಚ್ಚಿದಾಗ ಮೊದಲು ಸಿಡಿ ಡ್ರೈವ್ ಅಂತ ವೇಷ ಹಾಕ್ತವೆ, ಒಳಗೆ ವಿಂಡೋಸ್ ಡ್ರೈವರ್ ಇಟ್ಟುಕೊಂಡು. ಯುಎಸ್‌ಬಿ-ಮೋಡ್‌ಸ್ವಿಚ್ ಪ್ಯಾಕೇಜ್ ಆ ವೇಷ ಕಳಚುತ್ತೆ. ಅದು ಎಲ್ಲರಿಗೂ ಗೊತ್ತಿರೋ ವಿಷಯ. ನನಗೆ ಮಜಾ ಅನ್ಸಿದ್ದು ಬೇರೆ. ಈ 8822ಬಿಯು ಚಿಪ್ 3.0 ಪೋರ್ಟ್‌ಗೆ ಚುಚ್ಚಿದ್ರೂ ಮೊದಲು ಯುಎಸ್‌ಬಿ 2.0 ಆಗಿಯೇ ಏಳುತ್ತೆ. ಡ್ರೈವರ್ ಅದಕ್ಕೆ "3.0ಗೆ ಬಾ" ಅಂತ ಹೇಳಬೇಕು. ಆರ್‌ಟಿಡಬ್ಲ್ಯು88ನಲ್ಲಿ ಮೊದಮೊದಲು ಆ ಮಾತೇ ಇರಲಿಲ್ಲ, ಆಮೇಲೆ ಸೇರಿಸಿದ್ರು. ಹೊಸ ಕರ್ನಲ್‌ನಲ್ಲಿ ಲಾಗ್ ತೆರೆದಿಟ್ಟು ಡಾಂಗಲ್ ಚುಚ್ಚಿದೆ. ಹೈಸ್ಪೀಡ್ (ಅಂದ್ರೆ 2.0) ಡಿವೈಸ್ ಬಂತು ಅಂತ ಒಂದು ಸಾಲು. ಕಣ್ಣು ಮಿಟುಕಿಸೋದ್ರಲ್ಲಿ ಡಿಸ್‌ಕನೆಕ್ಟ್. ಮತ್ತೆ ಸೂಪರ್‌ಸ್ಪೀಡ್ (ಅಂದ್ರೆ 3.0) ಡಿವೈಸ್ ಬಂತು ಅಂತ ಇನ್ನೊಂದು ಸಾಲು, ಹೊಸ ನಂಬರ್ ಜೊತೆ. ಗೊತ್ತಿಲ್ಲದವರು ಇದನ್ನ ನೋಡಿದ್ರೆ ಡಾಂಗಲ್ ಲೂಸ್ ಆಗಿದೆ ಅಂತಲೇ ಅಂದ್ಕೊಳ್ತಾರೆ.

ಈ ಬದಲಾವಣೆ ಬೇಡ ಅನ್ನೋರಿಗೂ ಒಂದು ಪ್ಯಾರಾಮೀಟರ್ ಇಟ್ಟಿದ್ದಾರೆ, ಅದರ ವಿವರಣೆಯಲ್ಲೇ ಕಾರಣ ಬರೆದಿದ್ದಾರೆ: 2.4 ಗಿಗಾಹರ್ಟ್ಸ್‌ನಲ್ಲಿ ಅಡಚಣೆ ಆಗಬಹುದು ಅಂತ. ಇದು ಸುಮ್ನೆ ಹೇಳಿದ್ದಲ್ಲ. ಯುಎಸ್‌ಬಿ 3.0ರ 5 ಗಿಗಾಬಿಟ್ ಸಿಗ್ನಲ್‌ನ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಗೂ ಹರಡುತ್ತೆ, ಇಂಟೆಲ್ ಇದನ್ನ 2012ರಲ್ಲೇ ಅಳೆದು ಪ್ರಕಟಿಸಿತ್ತು. ಎಸ್‌ಎಸ್‌ಡಿ ಕಾಪಿ ನಡೀತಿರುವಾಗ ವೈರ್‌ಲೆಸ್ ಮೌಸ್ ತಡವರಿಸೋದು ನೀವೂ ನೋಡಿರ್ತೀರಿ. ಸ್ಟುಡಿಯೊದಲ್ಲಿ ಎಸ್‌ಎಸ್‌ಡಿ ಡಬ್ಬಿಯ ಪಕ್ಕದ ಪೋರ್ಟ್‌ನಲ್ಲೇ ಈ ಡಾಂಗಲ್ ಇತ್ತು. ಕಾಪಿ ಶುರುವಾದ ಕೂಡ್ಲೇ 2.4ರ ವೈಫೈ ನೆಲ ಕಚ್ಚುತ್ತಿತ್ತು, ಕಾಪಿ ನಿಂತರೆ ಏಳುತ್ತಿತ್ತು. 5 ಗಿಗಾಹರ್ಟ್ಸ್‌ಗೆ ಬದಲಿಸಿದ್ರೆ ಏನೂ ತೊಂದರೆ ಇಲ್ಲ. ಯಾವ ಡ್ರೈವರ್ ಅಪ್‌ಡೇಟೂ ಇದನ್ನ ಸರಿ ಮಾಡಲ್ಲ, ಡಾಂಗಲನ್ನ ಸ್ವಲ್ಪ ದೂರ ಇಡೋ ಒಂದು ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಮಾಡುತ್ತೆ.

2.5 ಗಿಗಾಬಿಟ್ ನೆಟ್‌ವರ್ಕ್ ಅಡಾಪ್ಟರ್‌ಗಳ ಬಗ್ಗೆ ಹೇಳೋದು ಕಮ್ಮಿ. ಆರ್‌ಟಿಎಲ್8156 ಚಿಪ್, ಆರ್8152 ಡ್ರೈವರ್, ಎರಡು ಮಷಿನ್ ನಡುವೆ ನೇರ ಕೇಬಲ್, ನೆಟ್‌ವರ್ಕ್ ವೇಗ ಅಳೆಯೋ ಐಪರ್ಫ್‌ನಲ್ಲಿ 2.35 ಗಿಗಾಬಿಟ್. ಎರಡೂ ಕರ್ನಲ್‌ನಲ್ಲಿ ಸರಿಯಾಗಿ ಓಡಿತು. ಹಳೇ ಮಷಿನ್‌ನಲ್ಲಿ ನಿಧಾನ ಆದರೆ ಅದನ್ನ ಹಿಡ್ಕೊಂಡಿರೋದು ಸಿಡಿಸಿ-ಎನ್‌ಸಿಎಂ ಅನ್ನೋ ಸಾಮಾನ್ಯ ಡ್ರೈವರ್ರಾ ಅಂತ ನೋಡಿ. ಅಷ್ಟೇ.

ಇನ್ನು ಬಿಡುಗಡೆಗೆ ಮುಂಚಿನ ಕರ್ನಲ್ ಪರೀಕ್ಷೆ ಮಾಡ್ಬೇಕು ಅನ್ನೋರಿಗೆ. ಒಂಬತ್ತು ಹತ್ತು ವಾರಕ್ಕೊಂದು ಹೊಸ ಕರ್ನಲ್ ಬರುತ್ತೆ, ಅದಕ್ಕೆ ಮುಂಚೆ ವಾರಕ್ಕೊಂದು ಆರ್‌ಸಿ (ಪರೀಕ್ಷೆಗೆ ಬಿಡೋ ಆವೃತ್ತಿ), ಸಾಮಾನ್ಯವಾಗಿ ಏಳೋ ಎಂಟೋ. ಹಳೇ ಮಷಿನ್‌ನಲ್ಲಿ ಪೂರ್ತಿ ಕರ್ನಲ್ ಕಂಪೈಲ್ ಮಾಡೋಕೆ ಹೋದ್ರೆ ಮೇ ತಿಂಗಳಲ್ಲಿ ಪ್ರೊಸೆಸರ್ ಬೇಯುತ್ತೆ. ಲೋಕಲ್‌ಮಾಡ್‌ಕಾನ್ಫಿಗ್ ಅನ್ನೋ ಆಯ್ಕೆ ಬಳಸಿದ್ರೆ ಆ ಹೊತ್ತಿಗೆ ಲೋಡ್ ಆಗಿರೋ ಮಾಡ್ಯೂಲ್‌ಗಳನ್ನ ಮಾತ್ರ ಕಟ್ಟುತ್ತೆ, ಕೆಲಸ ಬೇಗ ಮುಗಿಯುತ್ತೆ. ಆದರೆ ಅದನ್ನ ಓಡಿಸೋ ಮುಂಚೆ ಪರೀಕ್ಷೆ ಮಾಡಬೇಕಾದ ಎಲ್ಲಾ ಯುಎಸ್‌ಬಿ ಸಾಮಾನು ಚುಚ್ಚಿಟ್ಟಿರಬೇಕು. ಇಲ್ಲದಿದ್ರೆ ಅವುಗಳ ಡ್ರೈವರ್ ಹೊಸ ಕರ್ನಲ್‌ನಲ್ಲಿ ಇರೋದೇ ಇಲ್ಲ. ರಾತ್ರಿ ಕಂಪೈಲ್‌ಗೆ ಬಿಟ್ಟು ಮಲಗಿ, ಯುಪಿಎಸ್ ಮೇಲೆ. ಇಲ್ಲಿನ ಕರೆಂಟ್ ನಂಬಿಕೊಂಡು ಬಿಡಬೇಡಿ.

ಏನಾದ್ರೂ ಮುರಿದಿದ್ದು ಸಿಕ್ಕರೆ ಯಾವ ಆವೃತ್ತಿಯಲ್ಲಿ ಸರಿ ಇತ್ತು, ಯಾವುದರಲ್ಲಿ ಕೆಟ್ಟಿತು ಅನ್ನೋದು ರಿಪೋರ್ಟ್‌ನ ಜೀವ. "ನನ್ನ ಪೆನ್‌ಡ್ರೈವ್ ಸ್ಲೋ ಆಗಿದೆ" ಅಂದ್ರೆ ಯಾರೂ ತಿರುಗಿ ನೋಡಲ್ಲ. ಪೂರ್ತಿ ಕರ್ನಲ್ ಲಾಗ್, ಎಲ್‌ಎಸ್‌ಯುಎಸ್‌ಬಿಯ ಮರ, ಎರಡೂ ಕರ್ನಲ್ ನಂಬರ್ ಕೊಟ್ಟರೆ ಉತ್ತರ ಬರುತ್ತೆ. ಆಗುತ್ತೆ ಅಂದ್ರೆ ಗಿಟ್ ಬೈಸೆಕ್ಟ್ (ಬದಲಾವಣೆಗಳನ್ನ ಅರ್ಧ ಅರ್ಧ ಮಾಡ್ತಾ ಹುಡುಕೋ ವಿಧಾನ) ಮಾಡಿ ಯಾವ ಪ್ಯಾಚ್‌ನಿಂದ ಕೆಟ್ಟಿತು ಅಂತಲೇ ಹೇಳಬಹುದು. ಯಾರಾದ್ರೂ ತಿದ್ದುಪಡಿ ಕಳಿಸಿದಾಗ ಅದನ್ನ ಓಡಿಸಿ ನೋಡಿ ಸರಿ ಆಯ್ತು ಅಂತ ಹೇಳಿದ್ರೆ, ಟೆಸ್ಟೆಡ್-ಬೈ ಅಂತ ನಿಮ್ಮ ಹೆಸರು ಕರ್ನಲ್‌ನ ಇತಿಹಾಸದಲ್ಲಿ ಉಳಿಯುತ್ತೆ. ನಾನು ಈಗ ನನ್ನ ಟಿಪ್ಪಣಿಗಳಲ್ಲಿ ರೂಮಿನ ಉಷ್ಣತೆಯನ್ನೂ ಬರೆದಿಡ್ತೀನಿ. ಯಾರೂ ಕೇಳಲ್ಲ. ಆದರೂ ಹಾಕ್ತೀನಿ.

ಸ್ಟುಡಿಯೊ ಮಷಿನ್‌ಗಳು ಈಗ 6.12 ಮೇಲಿವೆ. ಯುಎಎಸ್ ಎಲ್ಲದಕ್ಕೂ ಆನ್, ಒಂದೇ ಒಂದು ಹಳೇ ಸಾಟಾ ಡಬ್ಬಿ ಬಿಟ್ಟು. ಅದು ಬೆಳಗಿನ ಜಾವವೂ ರೀಸೆಟ್ ಆಗುತ್ತೆ, ಎರಡೂ ಕರ್ನಲ್‌ನಲ್ಲಿ, ಪರ್ಸಿ ಮೇಲಿಟ್ಟರೂ. ಅದಕ್ಕೆ ಮಾತ್ರ ಯು ಕ್ವಿರ್ಕ್ ಹಾಕಿದ್ದೀನಿ. ಬೀದರ್ ಅಥವಾ ಯಾದಗಿರಿಯಲ್ಲಿ ಯಾರ ಹತ್ರ ಆದ್ರೂ ಎಎಸ್‌ಮೀಡಿಯಾ 2362 ಚಿಪ್‌ನ ಎನ್‌ವಿಎಂಇ ಡಬ್ಬಿ ಇದ್ದರೆ ಒಂದು ಮಧ್ಯಾಹ್ನ ದೊಡ್ಡ ಕಾಪಿ ಹಾಕಿ ಲಾಗ್ ಕಳಿಸಿ. ನನ್ನ ಹತ್ರ ಇರೋವು ರಿಯಲ್‌ಟೆಕ್, ಜೆಮೈಕ್ರಾನ್ ಮಾತ್ರ.